ನಾಯಿಗಳ ವಂಶಾವಳಿ ಬರೆದಿಟ್ಟ ಬಗೆ

‘ಪೆಡಿಗ್ರಿ’ ಎಂದರೆ ಈಗಿನ ಮಕ್ಕಳಿಗೆ ಅಂಗಡಿಯಲ್ಲಿ ದೊರೆಯುವ ನಾಯಿಯ ಆಹಾರದ ಪೊಟ್ಟಣ. ಶಬ್ದ ಮಾತ್ರ ಬಹಳ ಹಳೆಯದು. ಹಳೆಯ ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ಮೂಲವಾದ ಪದಗುಚ್ಛದ ಅರ್ಥ ‘ಕ್ರೌಂಚ ಪಕ್ಷಿಯ ಪಾದ’. ಮಧ್ಯಯುಗದ ಲಿಪಿಕಾರರು ಮನೆತನಗಳ ವಂಶವೃಕ್ಷ ಬರೆಯುವಾಗ ತಂದೆಯ ಹೆಸರಿನಿಂದ ಮಕ್ಕಳ ಹೆಸರುಗಳಿಗೆ ಎಳೆಯುತ್ತಿದ್ದ ಮೂರು ಕವಲಿನ ಗೆರೆ ಕೆಸರಿನಲ್ಲಿ ಮೂಡಿದ ಹಕ್ಕಿಯ ಹೆಜ್ಜೆಯಂತೆ ಕಾಣುತ್ತಿತ್ತು. ಆ ಹೆಜ್ಜೆ ಅರಸುಮನೆತನಗಳ ಕಾಗದದಿಂದ ಇಳಿದು ಕುದುರೆಯ ಲಾಯಕ್ಕೆ, ಅಲ್ಲಿಂದ ದನದ ಕೊಟ್ಟಿಗೆಗೆ, ಕೊನೆಗೆ ನಾಯಿಯ ಗೂಡಿಗೆ ಬಂದ ಕಥೆಯೇ ಈ ಲೇಖನದ ವಿಷಯ. ನಾಯಿಯ ಕುಲಗೋತ್ರ ಕಟ್ಟಿಕೊಂಡು ನಮಗೇನಾಗಬೇಕು ಎಂದು ಓದುಗರು ಕೇಳಬಹುದು. ಒಂದು ವಹಿಯಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ನಿಯಮದ ಮೇಲೆ ಜೀವಿಗಳ ಆರೋಗ್ಯವೇ ನಿಂತ ಉದಾಹರಣೆಗಳು ಈ ಕಥೆಯಲ್ಲಿವೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಪ್ರಾಣಿಗಳ ವಂಶವನ್ನು ಅಚ್ಚಿನಲ್ಲಿ ಕ್ರಮವಾಗಿ ದಾಖಲಿಸುವ ಪದ್ಧತಿ ಇಂಗ್ಲೆಂಡಿನ ಓಟದ ಕುದುರೆಗಳಿಂದ ಆರಂಭವಾಯಿತು. ಜೇಮ್ಸ್ ವೆದರ್ಬಿ ಎಂಬವರು 1791ರಲ್ಲಿ ‘ಜನರಲ್ ಸ್ಟಡ್ ಬುಕ್’ನ ಪೀಠಿಕಾ ಸಂಪುಟವನ್ನು ಹೊರತಂದರು. ಆ ಗ್ರಂಥದ ಒಂದು ವಿಶೇಷ ನನಗೆ ಬಹಳ ಹಿಡಿಸಿದೆ. ಅಲ್ಲಿ ಕುದುರೆಗಳನ್ನು ಜೋಡಿಸಿರುವುದು ತಾಯಿಯ ಹೆಸರಿನ ಕೆಳಗೆ. ಹೆಣ್ಣು ಕುದುರೆಯ ಹೆಸರು ಬರೆದು, ಅದು ಯಾವ ವರ್ಷ ಯಾವ ಗಂಡಿನಿಂದ ಯಾವ ಮರಿ ಹಾಕಿತು ಎಂದು ಸಾಲಾಗಿ ಕೊಟ್ಟಿದ್ದಾರೆ. ಮರಿ ಯಾವ ತಾಯಿಯದು ಎಂಬುದಕ್ಕೆ ಲಾಯದವರೆಲ್ಲ ಸಾಕ್ಷಿ. ತಂದೆ ಯಾರು ಎಂಬುದು ಹೇಳಿಕೆಯ ಮಾತು. ವಹಿ ಬರೆಯುವವನು ಖಚಿತವಾದುದನ್ನು ತಲೆಬರಹವಾಗಿಯೂ ಹೇಳಿಕೆಯನ್ನು ಅದರ ಕೆಳಗೂ ಇಟ್ಟ ವಿವೇಕ ಅದು. ಅನಂತರ 1822ರಲ್ಲಿ ಜಾರ್ಜ್ ಕೋಟ್ಸ್ ಅವರು ಶಾರ್ಟ್‌ಹಾರ್ನ್ ದನಗಳಿಗೆ ಇಂಥದೇ ಗ್ರಂಥ ಮಾಡಿದರು. ನಾಯಿಯ ಸರದಿ ಬರಲು ಮತ್ತೆ ಅರ್ಧ ಶತಮಾನ ಹಿಡಿಯಿತು.

1859ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ನಗರದಲ್ಲಿ ನಾಯಿಗಳ ಪ್ರದರ್ಶನವೊಂದು ನಡೆಯಿತು. ಬೇಟೆಗೆ ಒದಗುವ ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಎರಡೇ ಬಗೆಯ ಅರವತ್ತು ನಾಯಿಗಳು ಬಂದಿದ್ದವು. ಬಹುಮಾನವಾಗಿ ಕೊಟ್ಟದ್ದು ಬಂದೂಕು. ಪಾಯಿಂಟರ್ ವಿಭಾಗದ ತೀರ್ಪುಗಾರರೊಬ್ಬರ ನಾಯಿ ಸೆಟ್ಟರ್ ವಿಭಾಗದಲ್ಲಿಯೂ, ಸೆಟ್ಟರ್ ವಿಭಾಗದ ತೀರ್ಪುಗಾರರೊಬ್ಬರ ನಾಯಿ ಪಾಯಿಂಟರ್ ವಿಭಾಗದಲ್ಲಿಯೂ ಗೆದ್ದವು ಎಂಬುದು ಆ ಪ್ರದರ್ಶನದ ಇನ್ನೊಂದು ಸ್ವಾರಸ್ಯ. ರೈಲು ಮಾರ್ಗಗಳು ಹಬ್ಬಿದ ಕಾಲ. ಊರಿಂದೂರಿಗೆ ನಾಯಿಗಳನ್ನು ಒಯ್ಯುವುದು ಸುಲಭವಾಗಿ, ಮುಂದಿನ ಹದಿನೈದು ವರ್ಷಗಳಲ್ಲಿ ಇಂಥ ಪ್ರದರ್ಶನಗಳು ಎಲ್ಲೆಡೆ ಹೆಚ್ಚಿದವು. ಅವುಗಳ ಜೊತೆಗೆ ಗೊಂದಲವೂ ಹೆಚ್ಚಿತು. ಅದನ್ನು ಸರಿಪಡಿಸಲು 1873ರ ಏಪ್ರಿಲ್ 4ರಂದು ಸೆವಾಲಿಸ್ ಶರ್ಲಿ ಎಂಬ ಪಾರ್ಲಿಮೆಂಟ್ ಸದಸ್ಯರು ಮತ್ತು ಅವರ ಹನ್ನೆರಡು ಮಂದಿ ಮಿತ್ರರು ಲಂಡನ್ನಿನಲ್ಲಿ ಸೇರಿ ‘ಕೆನಲ್ ಕ್ಲಬ್’ ಸ್ಥಾಪಿಸಿದರು. ಅವರು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು, 1859ರಿಂದ ಅಲ್ಲಿಯವರೆಗೆ ನಡೆದ ಪ್ರದರ್ಶನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಗ್ರಂಥರೂಪಕ್ಕೆ ತರುವುದು. 1874ರಲ್ಲಿ ಪ್ರಕಟವಾದ ಆ ಮೊದಲ ಸಂಪುಟದಲ್ಲಿ 4,027 ನಾಯಿಗಳು ನಲವತ್ತು ವಿಭಾಗಗಳಲ್ಲಿ ದಾಖಲಾಗಿದ್ದವು.

ಗೊಂದಲ ಎಂದೆನಷ್ಟೆ, ಅದರ ಸ್ವರೂಪವೇನು? ಮುಖ್ಯವಾಗಿ ಅದು ಹೆಸರಿನ ಗೊಂದಲ. ಸ್ಪಾಟ್, ಬಾಬ್, ಜೆಟ್, ನೆಟಲ್ ಎಂಬ ನಾಲ್ಕಾರು ಹೆಸರುಗಳೇ ಪ್ರದರ್ಶನದ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಕಳೆದ ವರ್ಷ ಬಹುಮಾನ ಪಡೆದ ಬಾಬ್ ಈ ವರ್ಷ ಬಂದಿರುವ ಬಾಬ್‌ನೇ ಅಥವಾ ಬೇರೆಯೇ ಎಂಬುದು ಒಳಗಿನ ಕೆಲವರಿಗೆ ಮಾತ್ರ ಗೊತ್ತು. ತಂದೆ ತಾಯಿಯ ಹೆಸರಾಗಲಿ, ಹುಟ್ಟಿದ ದಿನವಾಗಲಿ, ಸಾಕಿ ಬೆಳೆಸಿದವರ ಹೆಸರಾಗಲಿ ಎಷ್ಟೋ ನಾಯಿಗಳಿಗೆ ಇರಲಿಲ್ಲ. ಮಾರಾಟವಾದಾಗ ಹೊಸ ಯಜಮಾನ ಹೊಸ ಹೆಸರಿಡುವನು. ಅಲ್ಲಿಗೆ ಹಳೆಯ ನಾಯಿ ಲೆಕ್ಕದಿಂದ ಅಳಿದು ಹೊಸದೊಂದು ಹುಟ್ಟಿದಂತಾಗುವುದು.

ಪಾಠಶಾಲೆಯಲ್ಲಿ ಹಾಜರಿ ತೆಗೆದುಕೊಂಡವರಿಗೆ ಈ ತೊಂದರೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಒಂದು ತರಗತಿಯಲ್ಲಿ ನಾಲ್ವರು ಬಸವರಾಜರು, ಮೂವರು ಮಂಜುನಾಥರು ಇರುವುದು ಸಾಮಾನ್ಯ. ತಂದೆಯ ಹೆಸರು, ಮನೆತನದ ಹೆಸರು, ಊರ ಹೆಸರು ಇವುಗಳ ಮೊದಲಕ್ಷರ ಸೇರಿಸಿ ಅವರನ್ನು ಬೇರ್ಪಡಿಸುತ್ತೇವೆ. ಜನ್ಮದಿನಾಂಕದ ವಿಷಯವಂತೂ ಹೇಳುವುದೇ ಬೇಡ. ಒಂದು ಕಾಲದಲ್ಲಿ ದಾಖಲಾತಿ ವಹಿಯ ಪುಟ ತಿರುವಿದರೆ ಊರಿನ ಅರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿದವರು! ಓಟದ ಕುದುರೆಗಳವರಂತೂ ಇದನ್ನು ನಿಯಮವಾಗಿಯೇ ಮಾಡಿಕೊಂಡಿದ್ದಾರೆ. ಉತ್ತರ ಗೋಳಾರ್ಧದ ಓಟದ ಕುದುರೆಗಳಿಗೆಲ್ಲ ಜನವರಿ 1ರಂದೇ ವಯಸ್ಸು ಒಂದೊಂದು ವರ್ಷ ಏರುತ್ತದೆ. ಅವರ ನಿಯಮ ಎಲ್ಲರಿಗೂ ತಿಳಿದ ಒಪ್ಪಂದ. ನಮ್ಮ ಜೂನ್ 1 ಮಾತ್ರ ನಿಜವಾದ ದಿನಾಂಕದ ವೇಷ ತೊಟ್ಟ ಊಹೆ. ವಹಿಯ ದೃಷ್ಟಿಯಿಂದ ಈ ಎರಡರ ನಡುವೆ ಅಜಗಜಾಂತರ.

1880ರಲ್ಲಿ ಕೆನಲ್ ಕ್ಲಬ್ಬು ಪ್ರದರ್ಶನಕ್ಕೆ ಬರುವ ಪ್ರತಿಯೊಂದು ನಾಯಿಯ ಹೆಸರೂ ತನ್ನಲ್ಲಿ ನೋಂದಣಿಯಾಗಬೇಕೆಂಬ ವ್ಯವಸ್ಥೆಯನ್ನು ತಂದಿತು. ಆರಂಭದಲ್ಲಿ ಇದಕ್ಕೆ ಬಹಳ ವಿರೋಧ ಬಂತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆಗಿನ ನೋಂದಣಿಯ ಉದ್ದೇಶ ವಂಶಶುದ್ಧಿಯಾಗಿರಲಿಲ್ಲ. ಒಂದು ಹೆಸರು ಒಂದೇ ನಾಯಿಗೆ ಇರಲಿ ಎಂಬುದಷ್ಟೇ ಅದರ ಗುರಿ. ವಂಶಾವಳಿಗೆ ಪ್ರಾಮುಖ್ಯ ಬಂದದ್ದು ತರುವಾಯ. ಇಂದು ನೋಂದಣಿ ಎಂದೊಡನೆ ‘ಶುದ್ಧ ತಳಿ’ ಎಂಬ ಮಾತು ನಾಲಗೆಗೆ ಬರುತ್ತದೆಯಾದರೂ ಮೂಲದಲ್ಲಿ ಅದು ಕೇವಲ ಗುರುತಿನ ಚೀಟಿ. ಹೆಸರುಗಳ ಅಭಾವ ನೀಗಲು ಮುಂದೆ ಸಾಕುಮನೆಯ ಹೆಸರನ್ನು ಸೇರಿಸುವ ಪದ್ಧತಿ ಬಂತು. ನಾಯಿಯನ್ನು ತಾನೇ ಹುಟ್ಟಿಸಿದವನು ತನ್ನ ಮನೆಯ ಹೆಸರನ್ನು ನಾಯಿಯ ಹೆಸರಿನ ಮೊದಲಿಗೆ ಇಡಬಹುದು. ಬೇರೆಯವರಿಂದ ಕೊಂಡವನು ಕೊನೆಗೆ ಮಾತ್ರ ಸೇರಿಸಬಹುದು. ಹೀಗೆ ಹೆಸರು ಓದಿದರೆ ಸಾಕು, ಹುಟ್ಟಿದ ಮನೆ ಯಾವುದು, ಸೇರಿದ ಮನೆ ಯಾವುದು ಎಂದು ತಿಳಿಯುತ್ತದೆ. ನಮ್ಮ ಹೆಣ್ಣುಮಕ್ಕಳ ತವರುಮನೆ, ಗಂಡನ ಮನೆಯ ಹೆಸರುಗಳೆರಡನ್ನೂ ಉಳಿಸಿಕೊಂಡಂತೆ ಎನ್ನಬಹುದು.

ಜರ್ಮನರು ಇದನ್ನು ಇನ್ನಷ್ಟು ಬಿಗಿಗೊಳಿಸಿದರು. 1899ರ ಏಪ್ರಿಲ್ ತಿಂಗಳಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಅಧಿಕಾರಿ ಕಾರ್ಲ್ಸ್‌ರೂಹೆ ನಗರದ ಪ್ರದರ್ಶನದಲ್ಲಿ ಕುರಿಕಾಯುವ ನಾಯಿಯೊಂದನ್ನು ಕಂಡು ಕೊಂಡರು. ಅದರ ಹೆಸರು ಹೆಕ್ಟರ್ ಲಿಂಕ್ಸ್‌ರೈನ್. ಅವರು ಅದಕ್ಕೆ ಹೊರಾಂಡ್ ಫಾನ್ ಗ್ರಾಫ್ರಾತ್ ಎಂದು ಮರುನಾಮಕರಣ ಮಾಡಿ, ಅದೇ ತಿಂಗಳು ಸ್ಥಾಪಿಸಿದ ಸಂಘದ ವಂಶಗ್ರಂಥದಲ್ಲಿ ಒಂದನೆಯ ಸಂಖ್ಯೆ ಕೊಟ್ಟರು. ಇಂದು ಜಗತ್ತಿನಾದ್ಯಂತ ಇರುವ ಜರ್ಮನ್ ಶೆಫರ್ಡ್ ನಾಯಿಗಳ ಲೆಕ್ಕ ಆ ಒಂದನೆಯ ಸಂಖ್ಯೆಯಿಂದ ಹೊರಡುತ್ತದೆ. ಸಂಖ್ಯೆಯ ಪ್ರಯೋಜನವನ್ನು ಇಲ್ಲಿಯೇ ಕಾಣಬಹುದು. ಹೆಕ್ಟರ್ ಎಂದು ಕರೆಯಿರಿ, ಹೊರಾಂಡ್ ಎಂದು ಕರೆಯಿರಿ, ಒಂದನೆಯ ಸಂಖ್ಯೆಯ ನಾಯಿ ಒಂದೇ. ಜರ್ಮನ್ ಸಾಕಣೆದಾರರು ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಆರಂಭವಾಗುವ ಹೆಸರಿಡುವ ರೂಢಿಯನ್ನೂ ಬೆಳೆಸಿದರು. ಮನೆಯ ಮೊದಲ ಸೂಲು ‘ಎ’, ಎರಡನೆಯದು ‘ಬಿ’, ಹೀಗೆ. ಒಡಹುಟ್ಟಿದವು ಯಾವುವೆಂದು ತಿಳಿಯಲು ಬೇರೆ ವಹಿ ನೋಡಬೇಕಾಗಿಲ್ಲ.

ವಂಶಾವಳಿಯ ಪಟದಲ್ಲಿ ತಂದೆಯ ಕಡೆಯವರು ಮೇಲೆ, ತಾಯಿಯ ಕಡೆಯವರು ಕೆಳಗೆ ಎಂಬುದು ಎಲ್ಲೆಡೆ ನಡೆದುಬಂದ ಕ್ರಮ. ವೆದರ್ಬಿಯವರ ವಿವೇಕ ಇಲ್ಲಿ ಕಳೆದುಹೋಯಿತೆಂದು ನನ್ನ ಭಾವನೆ. ನಾಯಿಯ ವಿಷಯದಲ್ಲಿ ತಂದೆಯ ಸಂದೇಹ ಕುದುರೆಗಿಂತ ಹೆಚ್ಚು. ಬೆದೆಗೆ ಬಂದ ಹೆಣ್ಣುನಾಯಿ ಎರಡು ಗಂಡುಗಳನ್ನು ಕೂಡಿದರೆ ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳು ಹುಟ್ಟಬಲ್ಲವು. ಹಿಂದೆ ಇಂಥದಕ್ಕೆ ವಹಿಯಲ್ಲಿ ಜಾಗವೇ ಇರಲಿಲ್ಲ. ಯಜಮಾನ ಹೇಳಿದ ಒಂದು ಹೆಸರು ಬರೆದು ಮುಗಿಸುತ್ತಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅಮೆರಿಕನ್ ಕೆನಲ್ ಕ್ಲಬ್ಬು 1990ರ ದಶಕದ ಕೊನೆಯಲ್ಲಿ ಒಂದು ಸೂಲಿಗೆ ಒಂದಕ್ಕಿಂತ ಹೆಚ್ಚು ತಂದೆಯರನ್ನು ನೋಂದಾಯಿಸಲು ಅವಕಾಶ ಕೊಟ್ಟಿತು.

ಹೆಸರಿನ ಗುರುತಾಗಿ ಹುಟ್ಟಿದ ವಹಿ ಕ್ರಮೇಣ ಕೋಟೆಯ ಬಾಗಿಲಾಯಿತು. ತಂದೆ ತಾಯಿ ಇಬ್ಬರೂ ಅದೇ ತಳಿಯಲ್ಲಿ ನೋಂದಣಿಯಾಗಿದ್ದರೆ ಮಾತ್ರ ಮರಿಗೆ ಪ್ರವೇಶ. ಹೊರಗಿನ ರಕ್ತಕ್ಕೆ ಎಡೆಯಿಲ್ಲ. ಹೀಗೆ ಬಾಗಿಲು ಹಾಕಿದಾಗ ಒಳಗೆ ಯಾವ ದೋಷ ಇತ್ತೋ ಅದೂ ಒಳಗೇ ಉಳಿಯಿತು. ಡಾಲ್ಮೇಷಿಯನ್ ಎಂಬ ಚುಕ್ಕೆಯ ನಾಯಿಯನ್ನು ಚಲನಚಿತ್ರಗಳಲ್ಲಿ ಎಲ್ಲರೂ ನೋಡಿದ್ದೀರಿ. ಉಳಿದ ನಾಯಿಗಳ ಯಕೃತ್ತು ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಬೇರೆ ವಸ್ತುವಾಗಿ ಮಾರ್ಪಡಿಸುತ್ತದೆ. ಡಾಲ್ಮೇಷಿಯನ್‌ನಲ್ಲಿ ಈ ಕಾರ್ಯ ಸರಿಯಾಗಿ ನಡೆಯದೆ, ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕಲ್ಲುಗಟ್ಟುತ್ತದೆ. ಗಂಡುನಾಯಿಗಳಲ್ಲಿ ಆ ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ನಾಯಿ ನರಳಿ ಸಾಯುತ್ತದೆ. ಎಲ್ಲಿಯೋ ಒಂದೆರಡು ನಾಯಿಗಳಲ್ಲಿ ಈ ದೋಷವಿದ್ದಿದ್ದರೆ ಅವನ್ನು ಬಿಟ್ಟು ಉಳಿದವುಗಳಿಂದ ಮರಿ ಮಾಡಿಸಬಹುದಿತ್ತು. ಆದರೆ ವಹಿಯೊಳಗಿನ ಪ್ರತಿ ಡಾಲ್ಮೇಷಿಯನ್‌ನಲ್ಲಿಯೂ ದೋಷದ ಜೀನು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿತ್ತು. ಆರಿಸಿಕೊಳ್ಳಲು ಒಳಗೆ ಒಂದೂ ಉಳಿದಿರಲಿಲ್ಲ.

ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಅವರು 1973ರಲ್ಲಿ ಡಾಲ್ಮೇಷಿಯನ್ ನಾಯಿಯನ್ನು ಪಾಯಿಂಟರ್ ನಾಯಿಯೊಂದಿಗೆ ಕೂಡಿಸಿದರು. ಒಂದೇ ಒಂದು ಸಲ. ಅಲ್ಲಿಂದ ಮುಂದೆ ಪ್ರತಿ ತಲೆಮಾರಿನಲ್ಲಿಯೂ ಆರೋಗ್ಯದ ಜೀನು ಉಳ್ಳ ಮರಿಯನ್ನು ಆರಿಸಿ ಡಾಲ್ಮೇಷಿಯನ್‌ಗೇ ಕೂಡಿಸುತ್ತ ಬಂದರು. ಲೆಕ್ಕ ಸರಳವಾದುದು. ಮೊದಲ ಮರಿಯಲ್ಲಿ ಪಾಯಿಂಟರ್ ಪಾಲು ಅರ್ಧ, ಮುಂದಿನದರಲ್ಲಿ ಕಾಲು, ಹೀಗೆ ಹತ್ತನೆಯ ತಲೆಮಾರಿಗೆ ಸರಾಸರಿ 1024ರಲ್ಲಿ ಒಂದು ಪಾಲು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬು ಈ ಸಾಲಿನ ಎರಡು ನಾಯಿಗಳನ್ನು ನೋಂದಾಯಿಸಿತು. ಕೂಡಲೇ ಡಾಲ್ಮೇಷಿಯನ್ ಸಾಕಣೆದಾರರಿಂದ ಪ್ರತಿಭಟನೆ ಎದ್ದು ಅವುಗಳ ಸಂತತಿಗೆ ನೋಂದಣಿ ನಿಂತುಹೋಯಿತು. 2008ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ದೋಷಕ್ಕೆ ಕಾರಣವಾದ ಜೀನನ್ನು ಗುರುತಿಸಿದರು. ಯಾವ ಮರಿಯಲ್ಲಿ ಅದು ಸರಿಯಾಗಿದೆ ಎಂಬುದನ್ನು ಅಲ್ಲಿಂದ ಪರೀಕ್ಷೆ ಮಾಡಿ ಹೇಳುವುದು ಸಾಧ್ಯವಾಯಿತು. ಬ್ರಿಟನ್ನಿನ ಕೆನಲ್ ಕ್ಲಬ್ಬು ಈ ಸಾಲಿನ ಫಿಯೋನಾ ಎಂಬ ಹೆಣ್ಣುನಾಯಿಯನ್ನು ಒಪ್ಪಿಕೊಂಡಿತು. ಅದು 2011ರ ಕ್ರಫ್ಟ್ಸ್ ಪ್ರದರ್ಶನದಲ್ಲಿ ಭಾಗವಹಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಅದೇ 2011ರಲ್ಲಿ ಅಮೆರಿಕದಲ್ಲಿಯೂ ಬಾಗಿಲು ತೆರೆಯಿತು. 1981ರಿಂದ 2011, ಸರಿಯಾಗಿ ಮೂವತ್ತು ವರ್ಷ. ಈ ಮೂವತ್ತು ವರ್ಷ ಕಲ್ಲುಗಟ್ಟಿ ನರಳಿದ ನಾಯಿಗಳ ಲೆಕ್ಕ ಯಾವ ವಹಿಯಲ್ಲಿಯೂ ಇಲ್ಲ. ಒಂದು ಅಂಕಣದಲ್ಲಿ ‘ಪಾಯಿಂಟರ್’ ಎಂಬ ಪದ ಬರೆಯಲು ಮನಸ್ಸಾಗದ ಕಾರಣಕ್ಕೆ ಇಷ್ಟು ಕಾಲ ಹಿಡಿಯಿತೆಂಬುದು ನನಗೆ ಇಂದಿಗೂ ಅರಗದ ಸಂಗತಿ. ಬ್ರಿಟನ್ನಿನವರು ಮಿಶ್ರ ವಂಶದ, ಅಥವಾ ಪೂರ್ವಜರು ದೃಢಪಡದ ನಾಯಿಯ ಹೆಸರಿನ ಕೊನೆಗೆ ನಕ್ಷತ್ರಚಿಹ್ನೆ ಇಡುವ ಪದ್ಧತಿ ಮಾಡಿಕೊಂಡಿದ್ದಾರೆ. ಇದ್ದದ್ದನ್ನು ಇದ್ದಂತೆ ಬರೆದು ಓದುವವನಿಗೆ ಬಿಡುವ ಈ ಕ್ರಮ ಹೊರಗಟ್ಟುವುದಕ್ಕಿಂತ ಎಷ್ಟೋ ಮೇಲು.

ಆಫ್ರಿಕ ಮೂಲದ ಬಸೆಂಜಿ ಎಂಬ ನಾಯಿಯ ಗ್ರಂಥವನ್ನು ಅಮೆರಿಕದವರು 1990ರಲ್ಲಿ ಹೀಗೆಯೇ ತೆರೆದು, ಆಫ್ರಿಕದಿಂದ ತಂದ ಹದಿನಾಲ್ಕು ನಾಯಿಗಳನ್ನು ಸೇರಿಸಿಕೊಂಡರು. ಅಲ್ಲಿಯೂ ಕಾರಣ ವಂಶದೊಳಗೇ ಉಳಿದುಬಂದ ಕಾಯಿಲೆಗಳೇ.

ಇನ್ನು ಗಣಕಯಂತ್ರದ ಕಾಲಕ್ಕೆ ಬರೋಣ. ಐದು ತಲೆಮಾರಿನ ವಂಶಾವಳಿ ಎಂದರೆ ಅರವತ್ತೆರಡು ಪೂರ್ವಜರ ಹೆಸರು. ಒಂದು ಹಾಳೆಯಲ್ಲಿ ಹಿಡಿಸಬಹುದು. ಹತ್ತು ತಲೆಮಾರಿಗೆ 2046 ಹೆಸರು. ಇಪ್ಪತ್ತನೆಯ ತಲೆಮಾರೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿದ ಸ್ಥಾನಗಳು. ಅಷ್ಟು ನಾಯಿಗಳು ಆ ತಳಿಯಲ್ಲಿ ಎಂದೂ ಇರಲಿಲ್ಲ. ಅಂದಮೇಲೆ ಅದೇ ಹೆಸರುಗಳು ಮತ್ತೆ ಮತ್ತೆ ಬರಲೇಬೇಕು. ಈ ಮರುಕಳಿಕೆಯನ್ನು ಅಳೆಯುವ ಸೂತ್ರವನ್ನು ಸೂವಲ್ ರೈಟ್ ಎಂಬ ಅಮೆರಿಕದ ವಿಜ್ಞಾನಿ 1922ರಲ್ಲಿ ಕೊಟ್ಟರು. ಗಣಕದಲ್ಲಿ ಪ್ರತಿ ನಾಯಿಗೆ ಒಂದೇ ನಮೂದು. ಅದರಲ್ಲಿ ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ. ಉಳಿದುದನ್ನು ಯಂತ್ರವೇ ಹೆಣೆದುಕೊಳ್ಳುತ್ತದೆ. ಕೇಳಲು ಸುಲಭ. ಆದರೆ ಜರ್ಮನ್ ಹೆಸರನ್ನು ಒಬ್ಬ ‘ಫಾನ್’ ಎಂದು ಪೂರ್ತಿ ಬರೆದರೆ ಇನ್ನೊಬ್ಬ ಒಂದೇ ಅಕ್ಷರಕ್ಕೆ ಇಳಿಸುತ್ತಾನೆ. ಯಂತ್ರಕ್ಕೆ ಅವು ಎರಡು ನಾಯಿಗಳು. 4/7 ಎಂದು ಬರೆದರೆ ನಮಗೆ ಅದು ಜುಲೈ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಏಳು. ‘ಚಾಂಪಿಯನ್’ ಎಂಬ ಬಿರುದನ್ನು ಹೆಸರಿನೊಳಗೇ ಸೇರಿಸಿದರೆ, ಬಿರುದು ಬರುವ ಮುನ್ನ ಹುಟ್ಟಿದ ಮರಿಯ ತಂದೆ ಬೇರೆ, ಬಂದ ಮೇಲೆ ಹುಟ್ಟಿದ ಮರಿಯ ತಂದೆ ಬೇರೆ ಎಂದಾಗುತ್ತದೆ. ಆದ್ದರಿಂದ ಬಲ್ಲವರು ಬಿರುದಿಗೆ, ಹಳೆಯ ಹೆಸರಿಗೆ, ಕರೆಯುವ ಹೆಸರಿಗೆ ಬೇರೆ ಬೇರೆ ಅಂಕಣ ಇಡುತ್ತಾರೆ. ನಾಯಿಯ ಗರ್ಭಾವಧಿ ಸುಮಾರು ಅರವತ್ತಮೂರು ದಿನ; ಒಂದೇ ತಾಯಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಸೂಲು ದಾಖಲಾಗಿದ್ದರೆ ಯಾವುದೋ ಒಂದು ಸುಳ್ಳು ಎಂದು ಯಂತ್ರವೇ ಎಚ್ಚರಿಸುವಂತೆ ಮಾಡುತ್ತಾರೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಖಾಲಿ ಬಿಟ್ಟ ಜಾಗ. ತಾತ ಯಾರೆಂದು ತಿಳಿಯದಿದ್ದರೆ ಸೂತ್ರವು ಆ ಅಜ್ಞಾತ ನಾಯಿಗೆ ಉಳಿದ ಯಾವುದರೊಡನೆಯೂ ನಂಟಿಲ್ಲವೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಆಗ ಅರೆಬರೆ ವಂಶಾವಳಿಯ ನಾಯಿ ಬಹಳ ಶ್ರೇಷ್ಠವಾಗಿ, ಹತ್ತು ತಲೆಮಾರು ಪ್ರಾಮಾಣಿಕವಾಗಿ ಬರೆದಿಟ್ಟವನ ನಾಯಿ ಒಳಸಂಬಂಧದ ದೋಷವುಳ್ಳದ್ದಾಗಿ ಕಾಣುತ್ತದೆ. ಬರೆಯದವನಿಗೆ ಬಹುಮಾನ, ಬರೆದವನಿಗೆ ದಂಡ! ಆದುದರಿಂದ ಒಳ್ಳೆಯ ದತ್ತಸಂಚಯಗಳು ಫಲಿತಾಂಶದ ಪಕ್ಕದಲ್ಲಿ ಎಷ್ಟು ತಲೆಮಾರು ಲೆಕ್ಕಕ್ಕೆ ಸಿಕ್ಕಿದೆ, ಅದರಲ್ಲಿ ನೂರಕ್ಕೆ ಎಷ್ಟು ತುಂಬಿದೆ ಎಂಬುದನ್ನೂ ಕೊಡುತ್ತವೆ. ಇಂಥ ಗಣಕೀಕೃತ ದಾಖಲೆಗಳಿಂದಲೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2008ರಲ್ಲಿ ಹತ್ತು ತಳಿಗಳನ್ನು ಪರಿಶೀಲಿಸಿದರು. ಬ್ರಿಟನ್ನಿನಲ್ಲಿ ಬಾಕ್ಸರ್ ನಾಯಿಗಳು ಸುಮಾರು 20,000 ಇದ್ದರೂ ಆನುವಂಶಿಕ ವೈವಿಧ್ಯದಲ್ಲಿ ಅವು ಸುಮಾರು 70 ನಾಯಿಗಳಿಗೆ ಸಮ ಎಂದು ತಿಳಿದುಬಂತು. ಅದೇ ವರ್ಷ ಬಿಬಿಸಿ ಸಾಕ್ಷ್ಯಚಿತ್ರವೊಂದು ಕೋಲಾಹಲವೆಬ್ಬಿಸಿತ್ತು. 2009ರಲ್ಲಿ ಕೆನಲ್ ಕ್ಲಬ್ಬು ತಾಯಿ–ಮಗ, ತಂದೆ–ಮಗಳು, ಒಡಹುಟ್ಟಿದವುಗಳ ಕೂಡಿಕೆಯಿಂದ ಹುಟ್ಟಿದ ಮರಿಗಳ ನೋಂದಣಿಯನ್ನು ನಿಲ್ಲಿಸಿತು. ನೂರಮೂವತ್ತು ವರ್ಷ ಕಪಾಟಿನಲ್ಲಿದ್ದ ವಹಿಯನ್ನು ಒಟ್ಟಿಗೆ ಓದಿದ ಮೇಲೆ ಬಂದ ಬುದ್ಧಿ ಅದು.

ನಮ್ಮ ಮುಧೋಳದ ನಾಯಿಯ ವಿಷಯ ಇದಕ್ಕೆ ತಿರುಗುಮುರುಗು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ಬೇಟೆನಾಯಿಯನ್ನು ಪೋಷಿಸಿದರು; ಐದನೆಯ ಜಾರ್ಜ್ ದೊರೆಗೆ ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟ ವೃತ್ತಾಂತ ಪ್ರಸಿದ್ಧವಾದುದು. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಅರಮನೆಯ ಆಚೆ ಇದನ್ನು ಉಳಿಸಿಕೊಂಡು ಬಂದವರು ರೈತರು ಮತ್ತು ಕುರಿಗಾಹಿಗಳು. ಅವರಲ್ಲಿ ಅಚ್ಚಾದ ವಂಶಗ್ರಂಥ ಇರಲಿಲ್ಲ. ಇಂಥವರ ಮನೆಯ ಇಂಥ ಹೆಣ್ಣುನಾಯಿಯ ಮರಿ ಎಂಬ ಬಾಯಿಮಾತೇ ವಂಶಾವಳಿ. ವೆದರ್ಬಿಯವರ ಗ್ರಂಥದಂತೆ ಇಲ್ಲಿಯೂ ಗುರುತು ತಾಯಿಯ ಕಡೆಯಿಂದ ಎಂಬುದನ್ನು ಗಮನಿಸಬೇಕು. ಅದೇ ಸೀಮೆಯಲ್ಲಿ ಮನುಷ್ಯರ ವಂಶಾವಳಿಯನ್ನು ಹೆಳವರು ಎತ್ತಿನ ಮೇಲೆ ಊರೂರು ತಿರುಗಿ ಹೇಳುತ್ತ, ಹಿಂದಿನ ಭೇಟಿಯಿಂದೀಚೆಗೆ ಹುಟ್ಟಿದವರನ್ನು ವಹಿಗೆ ಸೇರಿಸುತ್ತ ಬಂದಿದ್ದಾರೆ. ನಾಯಿಗೆ ಅಂಥ ಹೆಳವನಿರಲಿಲ್ಲ.

ಬರೆಯಲು ಹೊರಟಾಗ ಮೊದಲ ತೊಡಕು ಹೆಸರಿನಲ್ಲಿಯೇ ಎದುರಾಯಿತು. ಕೆನಲ್ ಕ್ಲಬ್ ಆಫ್ ಇಂಡಿಯಾದ ವಹಿಯಲ್ಲಿ ಈ ತಳಿ ‘ಕ್ಯಾರವಾನ್ ಹೌಂಡ್’ ಎಂದು ದಾಖಲಾಗುತ್ತ ಬಂದಿದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನ ವಹಿಯಲ್ಲಿ ‘ಮುಧೋಳ ಹೌಂಡ್’ ಎಂದು. ಒಂದೇ ಊರಿನ, ಒಂದೇ ಸೂಲಿನ ಎರಡು ಮರಿಗಳು ಎರಡು ಕಡೆ ನೋಂದಣಿಯಾದರೆ ಕಾಗದದ ಮೇಲೆ ಅವು ಎರಡು ತಳಿ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಈ ತಳಿಗಾಗಿ ಕೆಲಸ ಮಾಡುತ್ತಿದೆ. ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಇರಿಸಿ, ಅದರ ಹದಿನೈದು ಅಂಕಿಯ ಸಂಖ್ಯೆಯಿಂದ ನಾಯಿಯನ್ನು ಗುರುತಿಸುವ ಪದ್ಧತಿ ನಮ್ಮ ದೇಶದಲ್ಲಿಯೂ ರೂಢಿಗೆ ಬಂದಿದೆ. ಆ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು ಎರಡು ವಹಿಗಳ ನಮೂದುಗಳನ್ನೂ ಸಾಕಿದವನ ಬಾಯಿಮಾತನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದು, ತಂದೆ ತಿಳಿಯದಿದ್ದಲ್ಲಿ ‘ತಿಳಿಯದು’ ಎಂದೇ ನಮೂದಿಸಿದರೆ ಕೆಲಸ ಆರಂಭಿಸಲು ಅಷ್ಟು ಸಾಕು. ಹಳ್ಳಿಯ ವಯೋವೃದ್ಧ ಸಾಕಣೆದಾರರು ಇನ್ನೂ ಇದ್ದಾರೆ. ಮೂರು ನಾಲ್ಕು ತಲೆಮಾರಿನ ನಾಯಿಗಳ ತಾಯಂದಿರ ಹೆಸರು ಅವರ ನೆನಪಿನಲ್ಲಿದೆ. ಆ ಸೀಮೆಯ ಶಾಲೆಗಳಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳು ಬಿಡುವಿನ ವೇಳೆಯಲ್ಲಿ ಅದನ್ನು ಕೇಳಿ, ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದರ ಸಹಿತ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.